ಅಸೆಟ್ಟೊ ಕೊರ್ಸಾ ಕಾಂಪಿಟಿಝಿಯೋನೆ: ಓವರ್‌ಟೇಕ್ ಕಲಿಯುವವರಿಗೆ ಎಷ್ಟು ಉಪಯುಕ್ತ?

ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಹೋಗಿ ಗಾಡಿ ಓಡಿಸುವ ಖರ್ಚು ಬೆಳಗಾವಿಯ ಕಾಲೇಜು ಹುಡುಗರ ಕೈಗೆ ಎಟುಕುವಂಥದ್ದಲ್ಲ. ರೇಸಿನಲ್ಲಿ ಮುಂದಿನ ಕಾರನ್ನು ದಾಟುವುದು ಯಾಕೆ ಕಷ್ಟ ಎಂಬುದನ್ನು ಮನೆಯಲ್ಲೇ ಕೂತು ಅರಿಯಬೇಕೆಂದರೆ, ಇಟಲಿಯ ಕುನೋಸ್ ಕಂಪನಿ 2019ರಲ್ಲಿ ತಂದ ಈ ಕಾರ್ ರೇಸಿಂಗ್ ಕಂಪ್ಯೂಟರ್ ಆಟ ಇವತ್ತಿಗೂ ಒಳ್ಳೆಯ ಆಯ್ಕೆ.

ಇದರಲ್ಲಿ ಮುಖ್ಯವಾಗಿ ಇರುವುದು ಜಿಟಿ3 ಕಾರುಗಳು, ಅಂದರೆ ಮಾರಾಟಕ್ಕಿರುವ ಸ್ಪೋರ್ಟ್ಸ್ ಕಾರುಗಳ ರೇಸ್ ರೂಪ. ಫಾರ್ಮುಲಾ ಒನ್‌ನಲ್ಲಿ 2011ರಿಂದ 2025ರವರೆಗೆ ಇದ್ದ, ಹಿಂದಿನ ರೆಕ್ಕೆ ತೆರೆದು ವೇಗ ಹೆಚ್ಚಿಸುವ ಡಿಆರ್‌ಎಸ್‌ನಂಥ ಸಹಾಯ ಇಲ್ಲಿಲ್ಲ. ಬೇರೆ ಬೇರೆ ಕಂಪನಿಗಳ ಕಾರುಗಳ ತೂಕ, ಶಕ್ತಿಯನ್ನು ನಿಯಮವೇ ಸರಿದೂಗಿಸುವುದರಿಂದ ನೇರ ರಸ್ತೆಯಲ್ಲಿ ವೇಗದ ವ್ಯತ್ಯಾಸ ಕಡಿಮೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದರಿಂದ ಎಲ್ಲರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬ್ರೇಕ್ ಒತ್ತುತ್ತಾರೆ. ಹಾಗಾಗಿ ದಾಟುವ ಅವಕಾಶವನ್ನು ಹಿಂದಿನ ತಿರುವಿನಲ್ಲೇ ಹುಟ್ಟಿಸಿಕೊಳ್ಳಬೇಕು. ಈ ಆಟದ ನಿಜವಾದ ಬೆಲೆ ಇರುವುದು ಇಲ್ಲಿ.

ಇಟಲಿಯ ಮೊಂಜಾ ಟ್ರ್ಯಾಕಿನಿಂದ ಶುರುಮಾಡಿ. ಕೊನೆಯ ಪ್ಯಾರಾಬೊಲಿಕಾ ತಿರುವಿಗೆ ಮುಂದಿನವನ ಬಂಪರಿಗೆ ಅಂಟಿಕೊಂಡು ಹೋದರೆ ಅವನ ಕಾರು ಕಲಕಿದ ಗಾಳಿಯಲ್ಲಿ ನಿಮ್ಮ ಮುಂಭಾಗವನ್ನು ನೆಲಕ್ಕೆ ಒತ್ತುವ ಗಾಳಿಯ ಬಲ, ಅಂದರೆ ಡೌನ್‌ಫೋರ್ಸ್ ಕುಸಿಯುತ್ತದೆ. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದು, ಆಕ್ಸಿಲರೇಟರ್ ಬಿಡಲೇಬೇಕಾಗುತ್ತದೆ. ಎರಡು ಮೂರು ಕಾರಿನಷ್ಟು ಅಂತರ ಬಿಟ್ಟು ಒಳಹೊಕ್ಕು, ಅವನಿಗಿಂತ ಮೊದಲೇ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ನೇರ ರಸ್ತೆಯಲ್ಲಿ ಅವನ ಕಾರಿನ ಹಿಂದೆ ಗಾಳಿಯ ತಡೆ ಕಡಿಮೆಯಿರುವ ಜಾಗ, ಅಂದರೆ ಸ್ಲಿಪ್‌ಸ್ಟ್ರೀಮ್ ನಿಮ್ಮನ್ನು ಮುಂದಕ್ಕೆ ಎಳೆಯುತ್ತದೆ.

ಆ ರಸ್ತೆಯ ಕೊನೆಗೆ, ಬಲಕ್ಕೂ ಎಡಕ್ಕೂ ಬೆನ್ನುಬೆನ್ನಿಗೆ ತಿರುಗುವ ಮೊದಲ ಶಿಕೇನ್‌ನಲ್ಲಿ ಹೊಸಬರು ಹಿಂದಿನಿಂದ ಗುದ್ದುವುದು ಇದೇ ಕಾರಣಕ್ಕೆ. ಸ್ಲಿಪ್‌ಸ್ಟ್ರೀಮಿನಿಂದ ವೇಗ ಹೆಚ್ಚಿರುತ್ತದೆ, ಡೌನ್‌ಫೋರ್ಸ್ ಕಡಿಮೆ ಇರುತ್ತದೆ. ಎಂದಿನ ಗುರುತಿನಲ್ಲೇ ಬ್ರೇಕ್ ಒತ್ತಿದರೆ ಕಾರು ನಿಲ್ಲದು. ಬ್ರೇಕ್ ಒತ್ತುವ ಮೊದಲೇ ಪಕ್ಕಕ್ಕೆ ಸರಿದು ಶುದ್ಧ ಗಾಳಿಗೆ ಬನ್ನಿ. ಒಳಬದಿಯಿಂದ ಹೋಗುವಾಗ ತಿರುವು ಇನ್ನೂ ಕಡಿದಾಗುವುದರಿಂದ ಎಂದಿಗಿಂತ ತುಸು ಬೇಗ ಒತ್ತಿ. ಅವನೇ ಒಳಬದಿ ಮುಚ್ಚಿದರೆ ಒಳ್ಳೆಯದೇ ಆಯಿತು: ಹೊರಗಿನಿಂದ ಅಗಲವಾಗಿ ಬಂದು, ಅವನ ಹಿಂದೆ ಅಡ್ಡ ದಾಟಿ, ಹೊರಬರುವಾಗ ಮುಂದಾಗಬಹುದು.

ಹಂಗೇರಿಯ ಹಂಗರೋರಿಂಗ್ ಟ್ರ್ಯಾಕ್‌ನಲ್ಲಿ ಈ ಯಾವುದೂ ಸುಲಭವಲ್ಲ. ಕಿರಿದಾದ ರಸ್ತೆ, ಒಂದರ ಹಿಂದೊಂದು ತಿರುವು. 1990ರ ಫಾರ್ಮುಲಾ ಒನ್ ಗ್ರಾಂಪ್ರಿಯಲ್ಲಿ ಥಿಯೆರಿ ಬೂಟ್ಸೆನ್, ತನ್ನ ಬೆನ್ನಿಗೇ ಬಿದ್ದಿದ್ದ ಐರ್ಟನ್ ಸೆನ್ನಾರನ್ನು ತಡೆದು 0.288 ಸೆಕೆಂಡಿನಿಂದ ಗೆದ್ದದ್ದು ಇಲ್ಲೇ. ತಾಳ್ಮೆ ಕಲಿಯಬೇಕಾದವರು ಇಲ್ಲಿ ಇಪ್ಪತ್ತು ನಿಮಿಷದ ರೇಸ್ ಓಡಿಸಬೇಕು.

ಸೆಟ್ಟಿಂಗ್‌ಗಳನ್ನು ಮೊದಲೇ ಸರಿಮಾಡಿಕೊಳ್ಳಿ. ಕಾರು ಜಾರದಂತೆ ತಾನೇ ಸಾವರಿಸುವ ಸ್ಟೆಬಿಲಿಟಿ ಕಂಟ್ರೋಲನ್ನು ಸೊನ್ನೆಗೆ ಇಳಿಸಿ, ಡ್ಯಾಮೇಜ್ ಪೂರ್ತಿ ಇಡಿ. ಗುದ್ದಿದರೂ ಏನೂ ಆಗದಿದ್ದರೆ ಕಲಿಯುವುದು ಬರೀ ಗುದ್ದುವುದನ್ನೇ. 32 ಇಂಚಿನ ಪರದೆ ಕಣ್ಣಿನಿಂದ 70 ಸೆಂ.ಮೀ. ದೂರವಿದ್ದರೆ ನೋಟದ ಕೋನ (ಎಫ್ಒವಿ, ಈ ಆಟದಲ್ಲಿ ಮೇಲಿನಿಂದ ಕೆಳಕ್ಕೆ ಅಳೆಯುವಂಥದ್ದು) ಸುಮಾರು 32 ಡಿಗ್ರಿ ಇರಬೇಕು. ಬಹಳ ಜನ 50, 60ಕ್ಕೆ ಇಡುತ್ತಾರೆ. ಆಗ ಮುಂದಿನ ಕಾರು ಇರುವುದಕ್ಕಿಂತ ದೂರ ಕಾಣುತ್ತದೆ, ಬ್ರೇಕ್ ತಡವಾಗುತ್ತದೆ. ಕೋನ ಕಿರಿದಾದರೆ ಪಕ್ಕದ ಕಾರು ಕಾಣದು, ಅದಕ್ಕೆ ಸುತ್ತಲಿನ ಕಾರುಗಳನ್ನು ತೋರಿಸುವ, ಪರದೆ ಮೇಲಿನ ರಾಡಾರ್ ಹಾಕಿಕೊಳ್ಳಿ.

ಆಟಕ್ಕಿಂತ ಹೆಚ್ಚು ಕೈಕೊಡುವುದು ಪೆಡಲ್. ಎಷ್ಟು ದೂರ ಒಳಹೋಯಿತು ಎಂದಷ್ಟೇ ಅಳೆಯುವ ಅಗ್ಗದ ಪೆಡಲಿನಲ್ಲಿ ಬ್ರೇಕನ್ನು ಹದವಾಗಿ ಬಿಡುತ್ತಾ ತಿರುಗುವುದು ಕಷ್ಟ. ಒತ್ತಡ ಅಳೆಯುವ ಲೋಡ್ ಸೆಲ್ ಪೆಡಲಿಗೆ ಮೊದಲು ದುಡ್ಡು ಹಾಕಿ, ಸ್ಟೀರಿಂಗ್ ಆಮೇಲೆ ನೋಡೋಣ. ಆದರೆ ಲೋಡ್ ಸೆಲ್ಲನ್ನು ಗಾಲಿಯಿರುವ ಆಫೀಸ್ ಕುರ್ಚಿಯಲ್ಲಿ ಕೂತು ಒತ್ತಿದರೆ ಕುರ್ಚಿಯೇ ಹಿಂದಕ್ಕೆ ಓಡುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೇ ವೆಲ್ಡಿಂಗ್ ಶಾಪಿನಲ್ಲಿ 40×40 ಮಿ.ಮೀ., 2 ಮಿ.ಮೀ. ದಪ್ಪದ ಚೌಕ ಪೈಪಿನಿಂದ ಫ್ರೇಮ್ ಮಾಡಿಸಿ. ಹಳೇ ಕಾರಿನ ಸೀಟು ಅದಕ್ಕೆ ಸಾಕು. ಪೆಡಲ್ ಕೂರುವ ತಟ್ಟೆಗೆ ಕೆಳಗಿನಿಂದ ಒಂದು ಅಡ್ಡಪಟ್ಟಿ ಕೊಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ತಟ್ಟೆ ಬಾಗುತ್ತದೆ.

ಆನ್‌ಲೈನ್ ರೇಸೇ ಇದರ ದುರ್ಬಲ ಭಾಗ. ಯೂರೋಪಿನ ಸರ್ವರುಗಳು ನಮಗೆ ದೂರ, ಪಿಂಗ್ (ಸರ್ವರಿಗೆ ಸಂದೇಶ ಹೋಗಿಬರುವ ಸಮಯ) ಏರಿದಾಗ ಪಕ್ಕದ ಕಾರು ಜಿಗಿದಂತೆ ಕಾಣುತ್ತದೆ, ಚಕ್ರಕ್ಕೆ ಚಕ್ರ ಹೊಂದಿಸಿ ಓಡಿಸಲು ಧೈರ್ಯ ಸಾಲದು. ಏಷ್ಯಾದ ಸರ್ವರ್ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದ ದಿನ ಕಂಪ್ಯೂಟರ್ ಎದುರಾಳಿಗಳ ಜೊತೆಗೇ, ಹತ್ತನೇ ಸ್ಥಾನದಿಂದ ಶುರುಮಾಡಿ ಓಡಿಸಿ.