ಜೆಟ್ ಬೋಟಿನ ತಳ ಸೋರಿದಾಗ: ನೀರು, ಸೀಮೆಎಣ್ಣೆ, ಅಂಟು, ವೆಲ್ಡಿಂಗ್ ಎಲ್ಲ ಮಾಡಿ ನೋಡಿದ್ದು

ಒಂದು ಗಂಟೆ ನದಿಯಲ್ಲಿ ಓಡಿಸಿ, ಟ್ರೇಲರ್ ಮೇಲೆ ಹತ್ತಿಸಿ, ಹಿಂದಿನ ಬಿರಡೆ ತೆಗೆದರೆ 14 ಲೀಟರ್ ನೀರು. ಬಕೆಟ್ ಹಿಡಿದು ಅಳೆದ ಲೆಕ್ಕ. ಕ್ರೈಸ್ಟ್‌ಚರ್ಚ್‌ನಲ್ಲಿ ನಾನೂ ನಮ್ಮ ಭಾವನೂ ಸೇರಿ ಕೊಂಡ ಹಳೇ ಬೋಟು ಇದು. 4.3 ಮೀಟರ್ ಉದ್ದ, ಅಲ್ಯೂಮಿನಿಯಂ ಮೈ, ತಳದ ತಗಡು 4 ಮಿಲಿಮೀಟರ್. ಓಡಿಸುವುದು ಜಾಸ್ತಿ ವೈಮಾಕರಿರಿ ನದಿಯಲ್ಲಿ. ಆ ನದಿ ಜಲ್ಲಿಕಲ್ಲಿನ ಹಾಸಿನ ಮೇಲೆ ಕವಲುಕವಲಾಗಿ ಹರಿಯುತ್ತದೆ, ಎಷ್ಟೋ ಕಡೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ಬೋಟು ಮಾಡಿದ್ದೇ ನ್ಯೂಜಿಲೆಂಡಿನ ಇಂಥ ತೆಳುನೀರಿನ ನದಿಗಳಿಗಾಗಿ. ಕೆಳಗೆ ಪ್ರೊಪೆಲ್ಲರ್ ಇಲ್ಲ, ತಳದ ಜಾಲರಿಯಿಂದ ನೀರು ಎಳೆದುಕೊಂಡು ಹಿಂದಕ್ಕೆ ಚಿಮ್ಮಿಸುತ್ತದೆ. ಕಲ್ಲಿನ ಏಟು ಬಿದ್ದರೆ ನೇರ ತಳಕ್ಕೇ.

"ಏನಪ್ಪಾ, ಸುಮ್ನೆ ಒಳಗಡೆಯಿಂದ ಸಿಲಿಕೋನ್ ಅಂಟು ಬಳಿದುಬಿಡೋಣ" ಅಂದರು ಭಾವ. "ಬೇಡ ಭಾವ, ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲಿ" ಅಂದೆ. ಒಮ್ಮೆ ಸಿಲಿಕೋನ್ ಹಚ್ಚಿದ ಜಾಗದಲ್ಲಿ ಆಮೇಲೆ ಬೇರೆ ಅಂಟೂ ಕೂರುವುದಿಲ್ಲ, ಬಣ್ಣವೂ ಕೂರುವುದಿಲ್ಲ, ಉಜ್ಜಿ ತೆಗೆಯದೆ ವೆಲ್ಡಿಂಗ್ ಅಂತೂ ಆಗುವುದೇ ಇಲ್ಲ.

ಮೊದಲು ನಿಂತ ನೀರಿನ ಪರೀಕ್ಷೆ. ಬೋಟನ್ನು ದಡಕ್ಕೆ ಕಟ್ಟಿ, ಒಳಗೆಲ್ಲ ಬಟ್ಟೆಯಿಂದ ಒರೆಸಿ, ಹಳೇ ಪೇಪರ್ ಹಾಸಿ ಕೂತೆವು. ಎರಡು ಗಂಟೆಗೆ 3 ಲೀಟರ್. ಅಂದರೆ ಗಂಟೆಗೆ ಒಂದೂವರೆ, ಓಡುವಾಗ 14! ಈ ಪರೀಕ್ಷೆಗೆ ಪೈಸೆ ಖರ್ಚಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಹೇಳಿದ್ದು ಇದೇ: ನಮ್ಮ ನೀರಿನ ಬಹುಪಾಲು ಬೋಟು ಓಡುವಾಗ ಮಾತ್ರ ಬರುತ್ತಿದೆ. ಎಲ್ಲಿಂದ ಅಂತ ಮಾತ್ರ ಹೇಳುವುದಿಲ್ಲ. ನೀರು ತಗ್ಗು ಹುಡುಕಿಕೊಂಡು ಹರಿಯುತ್ತದೆ, ಮುಂದೆ ಸೋರಿದ್ದು ಹಿಂದೆ ಬಂದು ನಿಲ್ಲುತ್ತದೆ.

ಎರಡನೆಯದು, ಒಳಗೆ ನೀರು ತುಂಬಿ ಹೊರಗಡೆಯಿಂದ ನೋಡುವುದು. ಊರಲ್ಲಿ ಹೊಸ ಮಡಕೆ ತಂದರೆ ನೀರು ತುಂಬಿ ಒಣ ನೆಲದ ಮೇಲೆ ಇಟ್ಟು ನೋಡುತ್ತಾರಲ್ಲ, ಅದೇ. ಆದರೆ ಒಂದು ಲೀಟರ್ ಅಂದರೆ ಒಂದು ಕಿಲೋ ಅನ್ನುವುದು ನೆನಪಿರಲಿ. ನಾವು 150 ಲೀಟರ್ ಹಾಕಿದೆವು, ಅಷ್ಟು ಭಾರ ಟ್ರೇಲರಿನ ನಾಲ್ಕು ಉರುಳೆಗಳ ಮೇಲೆ ಬಿದ್ದರೆ ತಳವೇ ಬಗ್ಗಬಹುದು ಅಂತ ಮೊದಲೇ ಅಡಿಗೆ ಮರದ ದಿಮ್ಮಿ ಕೊಟ್ಟಿದ್ದೆವು. ಹತ್ತು ನಿಮಿಷದಲ್ಲಿ ಬಲಗಡೆ, ಒಳಗಿನ ಮೂರನೇ ಅಡ್ಡಪಟ್ಟಿಯ ಬೆಸುಗೆ ಪಕ್ಕ ಒಂದು ಹನಿ ಮೂಡಿತು. ಒರೆಸಿದರೆ ಮತ್ತೆ ಅಲ್ಲೇ. ಸುಮಾರು 4 ಸೆಂಟಿಮೀಟರ್ ಬಿರುಕು.

ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ಟ್ಯಾಂಕ್ ಕಟ್ಟುವವರು ಬೆಸುಗೆ ಪರೀಕ್ಷೆಗೆ ಬಳಸುವ ಹಳೇ ಉಪಾಯ ಒಂದಿದೆ, ಸೀಮೆಸುಣ್ಣ ಮತ್ತು ಸೀಮೆಎಣ್ಣೆ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಹೊರಗಡೆ ತೆಳ್ಳಗೆ ಬಳಿದೆವು. ಅದು ಒಣಗಿ ಬೆಳ್ಳಗಾದ ಮೇಲೆ ಒಳಗಡೆಯಿಂದ ಬ್ರಷ್‌ನಲ್ಲಿ ಸೀಮೆಎಣ್ಣೆ ಹಚ್ಚಿದೆವು. ಅರ್ಧ ಗಂಟೆಗೆ ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿ, ನೋಡನೋಡುತ್ತಲೇ ಎರಡೂ ಕಡೆ ಬೆಳೆಯಿತು. ಒಟ್ಟು 9 ಸೆಂಟಿಮೀಟರ್! ನೀರು ನುಸುಳದ ಸಂದಿಯಲ್ಲೂ ಸೀಮೆಎಣ್ಣೆ ನುಸುಳುತ್ತದೆ. ಬಿರುಕಿನ ನಿಜವಾದ ಉದ್ದ ತಿಳಿಯಬೇಕಾದರೆ ನನ್ನ ಓಟು ಇದಕ್ಕೇ. ವಾಸನೆ ಎರಡು ದಿನ ಹೋಗುವುದಿಲ್ಲ, ಹತ್ತಿರ ಬೆಂಕಿಯ ಕಿಡಿ ಇರಬಾರದು, ಆಮೇಲೆ ಎಣ್ಣೆಯನ್ನು ಪೂರ್ತಿ ತೊಳೆಯಬೇಕು. ಅಷ್ಟು ಕಷ್ಟಪಡಬಹುದು.

ಗಾಳಿ ತುಂಬಿ ಸೋಪಿನ ನೀರು ಹಚ್ಚುವುದನ್ನೂ ಮಾಡಿದೆವು, ಅಕ್ಕಪಕ್ಕದ ಮುಚ್ಚಿದ ಗಾಳಿ ಕೋಣೆಗಳಿಗೆ ಮಾತ್ರ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ತುದಿ ಸಾಕು. ದಯವಿಟ್ಟು ಕಂಪ್ರೆಸರ್ ಹಚ್ಚಬೇಡಿ. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) ಅಂದರೆ ಕಡಿಮೆ ಅನ್ನಿಸುತ್ತದೆ, ಆದರೆ ಒಂದು ಚದರ ಮೀಟರ್ ತಗಡಿನ ಮೇಲೆ ಅದು ಸುಮಾರು 700 ಕಿಲೋ ಒತ್ತಡ. ಬೆಸುಗೆಯೇ ಕಿತ್ತು ಬರಬಹುದು.

ಒಳಗಿನ ಮರಳು ಗುಡಿಸುವಾಗ ಒಂದು ಹತ್ತು ಸೆಂಟ್ ನಾಣ್ಯ ಸಿಕ್ಕಿತು. ಇಲ್ಲಿನ ಆ ನಾಣ್ಯಕ್ಕೆ ತಾಮ್ರದ ಲೇಪ ಇರುತ್ತದೆ. ಅದು ಬಿದ್ದಿದ್ದ ಜಾಗದಲ್ಲಿ ಬಿಳಿ ಪುಡಿ, ಪುಡಿ ಕೆರೆದರೆ ಎಳ್ಳು ಕಾಳಿನಷ್ಟು ಗುಳಿ. ಒದ್ದೆಯಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಂ. ನಿಮ್ಮ ಬೋಟಿನ ತಳದಲ್ಲೂ ಒಮ್ಮೆ ಕೈಯಾಡಿಸಿ ನೋಡಿ.

ಇನ್ನು ಮುಚ್ಚುವ ಮಾತು. ಕೈಯಲ್ಲಿ ನಾದಿ ಹಚ್ಚಿದರೆ ಗಟ್ಟಿಯಾಗುವ ಎಪಾಕ್ಸಿ ಅಂಟಿನ ಕಡ್ಡಿಯನ್ನು ಬಿರುಕಿನ ಮೇಲೆ ಹಚ್ಚಿ ಎರಡು ಸಲ ನದಿಗೆ ಹೋದೆವು. ಮೊದಲ ಸಲ ಆ ಬಿರುಕಿನಿಂದ ಒಂದು ಹನಿಯಿಲ್ಲ. ಎರಡನೇ ಸಲ ಅಂಚಿನಲ್ಲಿ ಉಗುರು ಹಾಕಿದರೆ ಹಪ್ಪಳದ ಹಾಗೆ ಎದ್ದು ಬಂತು. ಅಲ್ಯೂಮಿನಿಯಂ ಮೈ ಉಜ್ಜಿದ ತಕ್ಷಣ ಗಾಳಿ ತಾಗಿ ಆಕ್ಸೈಡ್ ಪದರ ಕಟ್ಟತೊಡಗುತ್ತದೆ, ತಡ ಮಾಡಿದಷ್ಟೂ ಹಿಡಿತ ಕಡಿಮೆ. ಜೊತೆಗೆ ತಳ ಬಡಿದಾಗಲೆಲ್ಲ ತಗಡು ಬಾಗುತ್ತದೆ, ಗಟ್ಟಿ ಎಪಾಕ್ಸಿ ಬಾಗುವುದಿಲ್ಲ. ನದಿ ಮಧ್ಯೆ ತೂತಾದರೆ ಮನೆ ತಲುಪಿಸುತ್ತದೆ, ಅದಕ್ಕೆ ಬೋಟಿನಲ್ಲಿ ಯಾವಾಗಲೂ ಇರಲೇಬೇಕು. ಕಾಯಂ ಕೆಲಸಕ್ಕೆ ಆಗುವುದಿಲ್ಲ.

ಸಂದಿ ಮುಚ್ಚುವ ಪಾಲಿಯುರಿಥೇನ್ ಸೀಲಂಟ್ ಬೇರೆ ಜಾತಿ. ಆ ಜಾತಿಯ ಸಿಕಾಫ್ಲೆಕ್ಸ್ 291 ಹಚ್ಚಿದ್ದು ಹಿಂಬದಿಯ ಬೋಲ್ಟುಗಳಿಗೆ. ರಬ್ಬರಿನ ಹಾಗೆ ಬಾಗುತ್ತದೆ, ಎರಡು ಭಾಗ ಕೂಡುವ ಕಡೆ, ಬೋಲ್ಟಿನ ಸುತ್ತ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಬಿರುಕಿಗೆ ಮಾತ್ರ ಬೇಡ. ಮೇಲೆ ಮುಚ್ಚಿರುತ್ತದೆ, ಅಡಿಯಲ್ಲಿ ಬಿರುಕು ಬೆಳೆಯುತ್ತಲೇ ಇರುತ್ತದೆ.

ಬಿರುಕಿಗೆ ವೆಲ್ಡಿಂಗೇ. ಸುಣ್ಣದ ಗೆರೆಯ ಎರಡೂ ತುದಿಗೆ 3 ಮಿಲಿಮೀಟರ್ ತೂತು ಕೊರೆದು, ಬಿರುಕು ಮುಂದೆ ಓಡದ ಹಾಗೆ ಮಾಡಿ, ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಬೆಸೆಯುವುದು) ಬಲ್ಲವರ ಹತ್ತಿರ ಒಯ್ದೆವು. 4 ಸೆಂಟಿಮೀಟರ್ ಅಂತ ನಂಬಿ ಕೊರೆದಿದ್ದರೆ ತೂತು ಬಿರುಕಿನ ನಡುವೆ ಬೀಳುತ್ತಿತ್ತು ಅಲ್ವಾ? ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ 2000 ಡಿಗ್ರಿ ದಾಟಬೇಕು. ಹಾಗಾಗಿ ಮೈ ಚೊಕ್ಕಟ ಇರದಿದ್ದರೆ ಬೆಸುಗೆ ಕೂರುವುದಿಲ್ಲ, ಎಣ್ಣೆಯೋ ಅಂಟೋ ನೀರೋ ಉಳಿದಿದ್ದರೆ ಒಳಗೆ ಗುಳ್ಳೆ ಕಟ್ಟುತ್ತದೆ. ಹಿಂದಿನ ಎಪಾಕ್ಸಿ ಕೆರೆಯುವುದಕ್ಕೇ ನಮಗೆ ಅರ್ಧ ದಿನ ಹಿಡಿಯಿತು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಹೊರಗೆ ತೆಗೆದೇ ಒಯ್ಯಿರಿ.

ವೆಲ್ಡಿಂಗ್ ಆದ ಮೇಲೆ ನಿಂತ ನೀರಿನಲ್ಲಿ ಒಂದು ಹನಿಯಿಲ್ಲ. ಒಂದು ಗಂಟೆ ಓಡಿಸಿದರೆ 9 ಲೀಟರ್. ಭಾವ ತಲೆ ಮೇಲೆ ಕೈ ಹೊತ್ತು ಕೂತರು, ನಾನು ಜೆಟ್‌ನ ಶಾಫ್ಟ್ (ಎಂಜಿನ್ ತಿರುಗಿಸುವ ಕಂಬಿ) ಒಳಬರುವ ಜಾಗದ ಸುತ್ತ ಸೀಮೆಸುಣ್ಣ ಉಜ್ಜಿ, ಮೊಬೈಲ್ ಕಟ್ಟಿ ಟಾರ್ಚ್ ಹಾಕಿ ವಿಡಿಯೋ ಮಾಡಿದೆ. ತಿರುಗುವ ಶಾಫ್ಟ್ ಹತ್ತಿರ ಕೈ ಹಾಕಲೇಬಾರದು. ವಿಡಿಯೋದಲ್ಲಿ ಎಂಜಿನ್ ವೇಗ ಏರಿದ ಕೂಡಲೇ ಎರಡೂ ಗೋಡೆಯ ಸುಣ್ಣದ ಮೇಲೆ ನೇರ ಒದ್ದೆ ಗೆರೆ, ಶಾಫ್ಟಿನ ಸುತ್ತ ನೀರು ತಡೆಯುವ ಸೀಲ್ ಇರುವ ಜಾಗಕ್ಕೆ ಸರಿಯಾಗಿ. ಸೀಲ್ ಬದಲಾಯಿಸಿದೆವು. ಕಳೆದ ಭಾನುವಾರ ಒಂದು ಗಂಟೆ ಓಡಿಸಿ ಬಿರಡೆ ತೆಗೆದರೆ ಬಂದದ್ದು ಅರ್ಧ ಲೋಟ ನೀರು. ಅದು ನಾವು ಹತ್ತುವಾಗ ಕಾಲಿಗಂಟಿ ಬಂದದ್ದು.