ಮೂರು ಕಾರಿನ ಬದಲು ಒಂದು ಟಿಟಿ: ಬೇಸಿಗೆ ರಜೆಗೆ ಬಾಡಿಗೆಗೆ ತಗೊಂಡ ಗಾಡಿ ಹೇಗಿತ್ತು

ಈ ಬೇಸಿಗೆಯಲ್ಲಿ ನಮ್ಮ ಮನೆಯ ಕಾರ್ಯಕ್ರಮಗಳೆಲ್ಲ ಒಟ್ಟಿಗೇ ಬಂದು ಕೂತವು. ತೀರ್ಥಹಳ್ಳಿ ಹತ್ತಿರದ ಊರಲ್ಲಿ ಅಜ್ಜಿಗೆ ತೊಂಬತ್ತು ತುಂಬುತ್ತಿತ್ತು. ತಂಗಿಯ ಮಗುವಿನ ಮುಡಿ ಧರ್ಮಸ್ಥಳದಲ್ಲಿ ತೆಗೆಸುವ ಹರಕೆ ಬಾಕಿ ಇತ್ತು. ಅಣ್ಣನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಳು. ಅಬುಧಾಬಿಯಲ್ಲಿರುವ ತಮ್ಮ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ ಬಂದಿಳಿಯುವವನಿದ್ದ. ಮುಂಬೈ ಅತ್ತೆಯಂತೂ ಏಪ್ರಿಲ್‌ನಲ್ಲೇ ಬೆಂಗಳೂರಿಗೆ ಬಂದು ನಮ್ಮನೆಯಲ್ಲಿ ಠಿಕಾಣಿ ಹೂಡಿದ್ದರು.

ಬೆಂಗಳೂರಿನಿಂದ ಹೊರಡುವವರು ಹನ್ನೆರಡು ಜನ, ಮಡಿಲಲ್ಲೊಂದು ಕೂಸು. ಮೂರು ಕಾರಿನಲ್ಲಿ ಹೋಗೋಣ ಅಂತ ಅಣ್ಣ. ಬೇಡವೇ ಬೇಡ ಅಂತ ಅಮ್ಮ. ಮೂರು ಕಾರು ಅಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ತಿಪಟೂರಿನಲ್ಲಿ ಕಾಫಿಗೆ ನಿಂತಿರುತ್ತದೆ, ಇನ್ನೊಂದು ಕಡೂರು ದಾಟಿರುತ್ತದೆ, ಮೂರನೆಯದರಲ್ಲಿ ಇರುವವರು ಫೋನ್ ಎತ್ತುವುದಿಲ್ಲ. ಊರು ತಲುಪುವ ಹೊತ್ತಿಗೆ ಯಾರು ಯಾರನ್ನು ಕಾಯಲಿಲ್ಲ ಅನ್ನುವುದೇ ದೊಡ್ಡ ಸುದ್ದಿ. ಕೊನೆಗೆ ಅಮ್ಮನದೇ ನಡೆಯಿತು. ಹನ್ನೆರಡು ಸೀಟಿನ ಎಸಿ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬುಕ್ ಮಾಡಿದೆವು. ಪರಿಚಯದವರ ಮೂಲಕ ಸಿಕ್ಕ ಓನರ್. ಹೆಸರು ಇಲ್ಲಿ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಮಗೆ ಹೇಳಿದ ರೇಟು ಕಿಲೋಮೀಟರಿಗೆ 24 ರೂಪಾಯಿ, ಡ್ರೈವರ್ ಬಾಟಾ (ಊಟ, ಖರ್ಚಿನ ಭತ್ಯೆ) ದಿನಕ್ಕೆ 600. ಟೋಲ್, ಪಾರ್ಕಿಂಗ್ ನಮ್ಮದು. ಕೇಳಲು ಸಲೀಸಾಗಿದೆ ಅಲ್ವಾ? ಆದರೆ ಇದರ ಹಿಂದೆ ಮೂರು ಗಂಟುಗಳಿವೆ. ಒಂದು, ಗಾಡಿ ನಿಂತಿದ್ದರೂ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ. ಈ 300 ಅನ್ನು ಒಂದೊಂದು ದಿನಕ್ಕೂ ಬೇರೆ ಬೇರೆ ಹಿಡಿಯುತ್ತಾರೋ, ಒಟ್ಟು ದಿನಕ್ಕೆ ಸರಾಸರಿ ಹಿಡಿಯುತ್ತಾರೋ ಅಂತ ಬಾಯಿಬಿಟ್ಟು ಕೇಳಬೇಕು. ನಾಲ್ಕು ದಿನದ ಟ್ರಿಪ್ಪಿನಲ್ಲಿ ಒಂದು ದಿನ 500 ಓಡಿ, ಇನ್ನೊಂದು ದಿನ ಊರಲ್ಲಿ ಸುಮ್ನೆ ನಿಂತರೆ, ಸರಾಸರಿ ಲೆಕ್ಕದಲ್ಲಿ 1,200ರೊಳಗೆ ಎಲ್ಲ ಸರಿಹೋಗುತ್ತದೆ. ದಿನದ ಲೆಕ್ಕದಲ್ಲಿ ಓಡಿದ್ದಕ್ಕೂ ಕೊಡಬೇಕು, ನಿಂತಿದ್ದಕ್ಕೂ ಕೊಡಬೇಕು. ನಿಂತ ಒಂದು ದಿನಕ್ಕೇ 7,200 ರೂಪಾಯಿ, ಮೇಲೆ ಬಾಟಾ. ನಾವು ಸರಾಸರಿ ಅಂತ ವಾಟ್ಸಾಪಿನಲ್ಲಿ ಬರೆಸಿಕೊಂಡಿದ್ದೆವು. ಬಚಾವಾದೆವು.

ಎರಡನೆಯದು, ಮೀಟರ್ ಶುರುವಾಗುವುದು ನಮ್ಮ ಮನೆ ಬಾಗಿಲಿನಿಂದಲ್ಲ, ಅವರ ಗ್ಯಾರೇಜಿನಿಂದ. ಮುಗಿಯುವುದೂ ಅಲ್ಲೇ. ನಾವಿರುವುದು ವಿಜಯನಗರ, ಅವರ ಗ್ಯಾರೇಜು ವೈಟ್‌ಫೀಲ್ಡ್ ಆಚೆ. ಹತ್ತಿರದ ಓನರ್ ಸಿಕ್ಕಿದರೆ ಅಷ್ಟರಮಟ್ಟಿಗೆ ಉಳಿತಾಯ. ಮೂರನೆಯದು, ಒಂದು ದಿನ ಅಂದರೆ ಇಪ್ಪತ್ತನಾಲ್ಕು ಗಂಟೆಯಲ್ಲ, ಕ್ಯಾಲೆಂಡರ್ ದಿನ. ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗೂ ಒಂದು ದಿನದ ಬಾಡಿಗೆ. ಅದಕ್ಕೇ ನಾವು ಬೆಳಿಗ್ಗೆ ಐದಕ್ಕೆ ಹೊರಟಿದ್ದು.

ಬಂದ ಗಾಡಿ ಫೋಟೋದಲ್ಲಿದ್ದ ಗಾಡಿಯಲ್ಲ. ಫೋಟೋದಲ್ಲಿ ಸೀಟುಗಳು ಹೊಳೆಯುತ್ತಿದ್ದವು, ಬಂದದ್ದರಲ್ಲಿ ಎರಡು ಪುಷ್‌ಬ್ಯಾಕ್ ಸೀಟು ಹಿಂದಕ್ಕೆ ಹೋದರೆ ಮುಂದಕ್ಕೆ ಬರುತ್ತಿರಲಿಲ್ಲ. ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡುತ್ತಿದ್ದದ್ದು ಮುಂದೆ ಒಂದೇ ಒಂದು. ಓನರ್‌ಗೆ ಫೋನ್ ಮಾಡಿದರೆ "ಆ ಗಾಡಿ ಸರ್ವೀಸಿಗೆ ಹೋಗಿದೆ ಮೇಡಂ, ಇದೂ ಅದೇ ಮಾಡೆಲ್ಲೇ" ಅಂದರು. ಆ ಹೊತ್ತಿನಲ್ಲಿ ಬೀದಿಯಲ್ಲಿ ಲಗೇಜು ಇಟ್ಟುಕೊಂಡು ಜಗಳ ಆಡಲು ಯಾರಿಗೂ ಮನಸ್ಸಿರಲಿಲ್ಲ. ಹಳದಿ ಬೋರ್ಡ್ ಇದೆ, ಪರ್ಮಿಟ್, ಇನ್ಶೂರೆನ್ಸ್ ಸರಿ ಇದೆ ಅಂತ ಭಾವ ನೋಡಿದರು, ಹತ್ತಿದೆವು. ಇದನ್ನು ಮಾತ್ರ ಬಿಡಬೇಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ. ಐನೂರು ಸಾವಿರ ಉಳಿಯುತ್ತದೆ ಅಂತ ಹತ್ತಿದರೆ, ಏನಾದರೂ ಆದಾಗ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವವರೆಗೂ ಮಕ್ಕಳು ನಿದ್ದೆ. ಆಮೇಲೆ ಸೀಟಿನ ಜಗಳ ಶುರು. ಒಳಗೆ ಕೂತವರಿಗೆ ಮಾತ್ರ ಗೊತ್ತಾಗುವ ಸಂಗತಿ ಇದು: ಟಿಟಿಯಲ್ಲಿ ಎಲ್ಲ ಸೀಟೂ ಒಂದೇ ಅಲ್ಲ. ಮುಂದಿನ ಸಾಲು ಸ್ವರ್ಗ. ನಡುವಿನ ಒಂಟಿ ಸೀಟುಗಳು ಚೆನ್ನಾಗಿವೆ, ಕಿಟಕಿ ದೊಡ್ಡದು, ಕಾಲಿಗೆ ಜಾಗ ಇದೆ. ಕೊನೆಯ ಸಾಲು ಹಿಂದಿನ ಚಕ್ರಕ್ಕಿಂತಲೂ ಹಿಂದೆ. ಹಂಪ್ ಬಂದರೆ ಡ್ರೈವರ್‌ಗೆ ಗೊತ್ತೇ ಆಗಿರುವುದಿಲ್ಲ, ಅಲ್ಲಿ ಕೂತವರ ತಲೆ ಮೇಲಕ್ಕೆ ಹೋಗಿ ಬಂದಿರುತ್ತದೆ. ಎಸಿ ಗಾಳಿ ಅಲ್ಲಿಯವರೆಗೆ ಬರುವಷ್ಟರಲ್ಲಿ ಬಿಸಿಯಾಗಿರುತ್ತದೆ. ನಮ್ಮಲ್ಲಿ ಆ ಸಾಲು ಅಳಿಯಂದಿರ ಪಾಲಾಯಿತು. ನನ್ನ ಗಂಡ ಅರಸೀಕೆರೆ ತನಕ ಏನೂ ಹೇಳಲಿಲ್ಲ, ಬೀರೂರಿನಲ್ಲಿ ಮಾತಾಡಿದರು. ಏನು ಅಂತ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು, ಗೂಗಲ್ ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ. ಈ ಗಾಡಿಗಳಿಗೆ ಸ್ಪೀಡ್ ಗವರ್ನರ್ ಇರುತ್ತದೆ, 80 ದಾಟುವುದಿಲ್ಲ. ಹೈವೇಯಲ್ಲಿ ಎಲ್ಲ ಕಾರುಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅಣ್ಣನಿಗೆ ಅದೊಂದು ಸಂಕಟ. ಅಮ್ಮನಿಗೆ ಅದೇ ಖುಷಿ. ಮಂಡಗದ್ದೆಯಲ್ಲಿ ತುಂಗೆ ಪಕ್ಕ ನಿಲ್ಲಿಸಿ ಮಕ್ಕಳಿಗೆ ಹಕ್ಕಿ ತೋರಿಸೋಣ ಅಂತ ಇಳಿದರೆ, ಹಕ್ಕಿಗಳು ಗೂಡು ಕಟ್ಟಲು ಬರುವುದು ಮಳೆಗಾಲಕ್ಕೆ ಅಂತ ಅಲ್ಲಿದ್ದವರು ನಕ್ಕರು.

ಈಗ ಡ್ರೈವರ್ ಬಗ್ಗೆ. ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಹುಡುಗನಿಗಾಗಿ. ಚನ್ನರಾಯಪಟ್ಟಣದ ಕಡೆಯವನು, ಮೂವತ್ತರ ಒಳಗೆ. ಮೊದಲ ದಿನ ಮಾತೇ ಇಲ್ಲ. ಊರಲ್ಲಿ ಜಗಲಿ ಮೇಲೆ ಹಾಸಿಗೆ ಹಾಕಿಕೊಟ್ಟೆವು, ಒಳಗೆ ರೂಮಿದ್ದರೂ ಬೇಡ, ಗಾಡಿ ಕಣ್ಣಿಗೆ ಬೀಳಬೇಕು ಅಂದ. ಮರುದಿನ ಬೆಳಿಗ್ಗೆ ನೋಡಿದರೆ ಚಿಕ್ಕಪ್ಪನ ಜೊತೆ ಚಪ್ಪರಕ್ಕೆ ಅಡಿಕೆ ದಬ್ಬೆ ಕಟ್ಟುತ್ತಿದ್ದ. ಕಡುಬು, ಕೋಳಿ ಸಾರು ಮಾಡಿದ ದಿನ ಸೋಮವಾರ. "ಸೋಮವಾರ ನಾನು ತಿನ್ನಲ್ಲ ಅಕ್ಕಾ" ಅಂದ. ಅಜ್ಜಿ ಅವನಿಗೆ ಅಂತಲೇ ಒಂದು ಬಟ್ಟಲು ಸಾರು ಮಂಗಳವಾರಕ್ಕೆ ಎತ್ತಿಡಿಸಿದರು.

ತಮ್ಮನನ್ನು ಕರೆತರಲು ಆಗುಂಬೆ ಘಾಟಿ ಇಳಿದು, ಹೆಬ್ರಿ, ಕಾರ್ಕಳದ ಮೇಲೆ ಮಂಗಳೂರು ಏರ್‌ಪೋರ್ಟಿಗೆ ಹೋದೆವು. ಎಂಟು ಜನ ಹೋಗಿ ಹನ್ನೆರಡು ಜನ ವಾಪಸ್. ಆಗುಂಬೆಯದು ಹದಿನಾಲ್ಕು ಹೇರ್‌ಪಿನ್ ತಿರುವು, ದೊಡ್ಡ ಬಸ್ಸುಗಳು ಅಲ್ಲಿ ಓಡುವುದಿಲ್ಲ. ಟಿಟಿ ಓಡುತ್ತದೆ, ಆದರೆ ಗಾಡಿ ಉದ್ದ. ಈ ಹುಡುಗ ಪ್ರತಿ ತಿರುವಿನಲ್ಲೂ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಮೇಲೆ ಹತ್ತಿ ಬರುವ ಗಾಡಿಯ ಸದ್ದು ಕೇಳಿಸಿಕೊಳ್ಳುತ್ತಿದ್ದ. ಸದ್ದು ಬಂದರೆ ಬದಿಗೆ ನಿಲ್ಲಿಸಿ ಅವರನ್ನು ಮೊದಲು ಬಿಡುತ್ತಿದ್ದ. ಹತ್ತುವವರಿಗೆ ಮೊದಲು ದಾರಿ ಅನ್ನುವುದು ಘಾಟಿಯ ನಿಯಮ, ಪಾಲಿಸುವವರು ಎಷ್ಟು ಜನ ಹೇಳಿ. ಅತ್ತಿಗೆ ಘಾಟಿ ಅಂದರೆ ಕವರ್ ಹಿಡಿದೇ ಕೂರುವವರು. ಅವತ್ತು ಕವರ್ ಹಾಗೇ ಮಡಚಿ ಬ್ಯಾಗಿಗೆ ಹೋಯಿತು.

ಏರ್‌ಪೋರ್ಟಿನಲ್ಲಿ ತಮ್ಮ ಹೊರಗೆ ಬಂದ. ಅಮ್ಮ ಅವನನ್ನು ಬಿಟ್ಟು ಮೊದಲು ಮೊಮ್ಮಕ್ಕಳನ್ನು ಅಪ್ಪಿಕೊಂಡರು. ಚಿಕ್ಕವಳನ್ನು ಅವರು ಫೋನಿನಲ್ಲಿ ಮಾತ್ರ ನೋಡಿದ್ದು. ಆ ಮಗು ಅಮ್ಮನ ಮುಖ ನೋಡಿ, "ಫೋನ್ ಅಜ್ಜಿ" ಅಂತು. ಎಲ್ಲರೂ ನಗುತ್ತಿರುವಾಗ ಹಿಂದಿನಿಂದ ಟ್ರಾಲಿಗಳು ಬಂದವು. ಗಲ್ಫಿನಿಂದ ಬಂದವರ ಲಗೇಜು ಹೇಗಿರುತ್ತದೆ ಗೊತ್ತಲ್ಲ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಟಿಟಿಗೆ ಹೇಳಿಕೊಳ್ಳುವಂಥ ಡಿಕ್ಕಿ ಇಲ್ಲ, ಕೊನೆಯ ಸಾಲಿನ ಹಿಂದೆ ಒಂದಿಷ್ಟು ಜಾಗ ಅಷ್ಟೇ. ಉಳಿದದ್ದು ಮೇಲೆ ಕ್ಯಾರಿಯರ್‌ಗೆ. ಮೇ ತಿಂಗಳು, ಘಟ್ಟದ ಮೇಲೆ ಸಂಜೆ ಮಳೆ ಗ್ಯಾರಂಟಿ. ಹುಡುಗ ಮೇಲೆ ಹತ್ತಿದ. ಮೊದಲು ಕೆಳಗೊಂದು ಟಾರ್ಪಾಲ್ ಹಾಸಿದ. ಪೆಟ್ಟಿಗೆಗಳನ್ನು ಭಾರದ್ದು ಮುಂದೆ, ಹಗುರದ್ದು ಹಿಂದೆ ಜೋಡಿಸಿದ. ಕೆಳಗಿನ ಟಾರ್ಪಾಲಿನ ಅಂಚನ್ನು ಮೇಲಕ್ಕೆ ಮಡಚಿ, ಅದರ ಮೇಲೆ ಇನ್ನೊಂದು ಹೊದಿಸಿ, ಮುಂದಿನ ಅಂಚನ್ನು ಪೆಟ್ಟಿಗೆಯ ಅಡಿಗೆ ಸಿಕ್ಕಿಸಿದ, ಗಾಳಿ ಒಳಗೆ ನುಗ್ಗಬಾರದು ಅಂತ. ಆಮೇಲೆ ಹಗ್ಗವನ್ನು ಅಡ್ಡಡ್ಡ ಎಳೆದು ಮೊಣಕಾಲು ಕೊಟ್ಟು ಬಿಗಿದ. ಸೋಮೇಶ್ವರ ದಾಟುತ್ತಿದ್ದಂತೆ ಮಳೆ ಹೊಯ್ಯಿತು. ಮನೆಯಲ್ಲಿ ಬಿಚ್ಚಿದಾಗ ಒಂದು ಖರ್ಜೂರದ ಡಬ್ಬಿಯ ಲೇಬಲ್ ಕೂಡ ಒದ್ದೆಯಾಗಿರಲಿಲ್ಲ.

ಅದೇ ದಿನ ಇನ್ನೊಂದು ಮಾತುಕತೆ ಆಯಿತು. ಮಕ್ಕಳಿಗೆ ಮಲ್ಪೆ ಬೀಚು ಬೇಕು, ಅತ್ತೆಗೆ ಆಗುಂಬೆಯ ಸೂರ್ಯಾಸ್ತ ಬೇಕು. "ಎರಡೂ ಆಗಲ್ಲ ಅಮ್ಮಾ, ಒಂದು ಹೇಳಿ. ಕತ್ತಲಾಗಿ ಮಂಜು ಇಳಿದ್ರೆ ನಾನು ಘಾಟಿ ಹತ್ತಿಸಲ್ಲ" ಅಂದ. ಅಣ್ಣನಿಗೆ ಸಿಟ್ಟು ಬಂತು, ದುಡ್ಡು ಕೊಡುವವರು ನಾವು ಅಂತ. ನನಗೆ ಮಾತ್ರ ಆ ಕ್ಷಣಕ್ಕೆ ಕೊಟ್ಟ ದುಡ್ಡೆಲ್ಲ ವಸೂಲಾಯಿತು ಅನ್ನಿಸಿತು. ಗಿರಾಕಿಗೆ ಇಲ್ಲ ಅನ್ನುವ ಡ್ರೈವರ್ ಸಿಗುವುದು ಕಷ್ಟ. ಸೂರ್ಯಾಸ್ತ ಆರಿಸಿಕೊಂಡೆವು. ಮೋಡದಲ್ಲಿ ಸೂರ್ಯ ಕಾಣಲೇ ಇಲ್ಲ. ಮಕ್ಕಳು ಇವತ್ತಿಗೂ ಅತ್ತೆಯನ್ನು ಬಿಟ್ಟಿಲ್ಲ.

ತೊಂಬತ್ತರ ಊಟ, ಫೋಟೋ, ನೆಂಟರ ಗಲಾಟೆ ಎಲ್ಲ ಆದ ಮೇಲೆ ಅಜ್ಜಿ ಕೇಳಿದ್ದು ಒಂದೇ, ಶೃಂಗೇರಿಗೆ ಕರೆದುಕೊಂಡು ಹೋಗಿ ಅಂತ. ಟಿಟಿಯ ಮೊದಲ ಮೆಟ್ಟಿಲು ವಯಸ್ಸಾದವರಿಗೆ ತುಂಬಾ ಎತ್ತರ. ಇದು ಈ ಗಾಡಿಯ ದೊಡ್ಡ ಕೊರತೆ, ಯಾವ ಓನರ್ರೂ ಹೇಳುವುದಿಲ್ಲ. ಹುಡುಗ ಅಡುಗೆಮನೆಯಿಂದ ಒಂದು ಅಗಲದ ಮಣೆ ಕೇಳಿ ತಂದ, ಅದರ ಕೆಳಗೆ ಎರಡು ಇಟ್ಟಿಗೆ. ಅಜ್ಜಿ ಅದರ ಮೇಲೆ ಕಾಲಿಟ್ಟು ಒಂದೇ ಸಲಕ್ಕೆ ಹತ್ತಿದರು. ಇಟ್ಟಿಗೆ, ಮಣೆ ಎರಡೂ ನಮ್ಮ ಜೊತೆ ಶೃಂಗೇರಿಗೆ ಬಂದವು. ದಾರಿಯುದ್ದಕ್ಕೂ ಮುಂದಿನ ಒಂಟಿ ಸೀಟಿನಲ್ಲಿ ಕೂತು ಇದು ಯಾರ ತೋಟ, ಅದನ್ನು ಯಾರು ಯಾರಿಗೆ ಮಾರಿದರು, ಯಾವ ಮನೆಗೆ ಯಾವ ವರ್ಷ ಹೆಣ್ಣು ಕೊಟ್ಟಿದ್ದು, ಎಲ್ಲ ಹೇಳಿದರು. ಹಿಂದಿನ ಸಾಲಿನಿಂದ ತಮ್ಮ ಎದ್ದು ಬಂದು ಅಜ್ಜಿಯ ಕಾಲ ಬಳಿ ಕೂತು ಕೇಳಿದ. ಮೂರು ಕಾರಿನಲ್ಲಿ ಹೋಗಿದ್ದರೆ ಆ ಮಾತು ಒಂದು ಕಾರಿನವರಿಗಷ್ಟೇ ಕೇಳಿಸುತ್ತಿತ್ತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಶಾರದಾಂಬೆ ದರ್ಶನ ಮಾಡಿ, ಮಠದ ಊಟ ಮಾಡಿ ವಾಪಸ್.

ತಮ್ಮನ ಸಂಸಾರ ಅಜ್ಜಿ ಜೊತೆ ಉಳಿಯಿತು. ನಾವು ಹನ್ನೆರಡು ಜನ ಕೆರೆಕಟ್ಟೆ, ಬಜಗೋಳಿ ದಾರಿಯಲ್ಲಿ ಧರ್ಮಸ್ಥಳಕ್ಕೆ ಇಳಿದೆವು. ಮುಡಿ ತೆಗೆಸಿದ್ದು, ಮಗು ಅತ್ತಿದ್ದು, ಅನ್ನಛತ್ರದ ಊಟ ಎಲ್ಲ ಸುಗಮ, ಕ್ಯೂ ಮಾತ್ರ ಬೇಸಿಗೆ ರಜೆಯ ಕ್ಯೂ. ಅಲ್ಲೇ ತಡವಾಯಿತು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು, ನಿಲ್ಲದೆ ಹೋಗಲು ಆಗುತ್ತಾ? ಹಾಸನ ದಾಟಿ ನೆಲಮಂಗಲಕ್ಕೆ ಬರುವಷ್ಟರಲ್ಲಿ ಇಡೀ ಬೆಂಗಳೂರೇ ರಜೆ ಮುಗಿಸಿ ಮನೆಗೆ ಹೊರಟಿತ್ತು. ನಮ್ಮ ಬಾಗಿಲಿಗೆ ಬಂದಾಗ ಹನ್ನೆರಡು ದಾಟಿ ಇಪ್ಪತ್ತು ನಿಮಿಷ.

ಓನರ್ ಹಾಕಿದ ಬಿಲ್ಲಿನಲ್ಲಿ ಆ ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಪೂರ್ತಿ ದಿನ. 300 ಕಿಲೋಮೀಟರ್ ಮತ್ತು ಬಾಟಾ, ಒಟ್ಟು 7,800. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ, ಅದು ನಮಗೂ ಗೊತ್ತಿತ್ತು. ಅಮ್ಮ ಫೋನ್ ಕಸಿದುಕೊಂಡು, "ಫೋಟೋದಲ್ಲಿದ್ದ ಗಾಡಿ ಬಂದಿತ್ತಾ ಹೇಳಪ್ಪಾ ಮೊದಲು" ಅಂದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೊನೆಗೆ ದಿನದ ಬಾಡಿಗೆ ಬಿಟ್ಟರು, ಬಾಟಾ ಮಾತ್ರ ಕೊಟ್ಟೆವು. ಅದನ್ನೂ ಓನರ್ ಖಾತೆಗೆ ಹಾಕದೆ ಹುಡುಗನ ಕೈಗೇ ಕೊಟ್ಟೆವು.

ನಂಬರ್ ಕೊಡಬೇಕು ಅಂದರೆ ಗಾಡಿಗೆ ಐದಕ್ಕೆ ಎರಡೂವರೆ, ಓನರ್‌ಗೆ ಎರಡು, ಡ್ರೈವರ್‌ಗೆ ಐದಕ್ಕೆ ಐದು. ಮತ್ತೆ ಟಿಟಿ ಮಾಡುತ್ತೇವಾ? ಖಂಡಿತ. ಆದರೆ ಹನ್ನೆರಡು ಜನಕ್ಕೆ ಹನ್ನೆರಡು ಸೀಟಿನದು ಬೇಡ, ಹದಿನೇಳರದು ಕೇಳಿ, ಕೊನೆಯ ಸಾಲನ್ನು ಬ್ಯಾಗುಗಳಿಗೆ ಬಿಡಿ. ಬುಕ್ ಮಾಡುವಾಗ ಗಾಡಿಯ ನಂಬರ್ ಪ್ಲೇಟ್ ಕಾಣುವ ಫೋಟೋ ಕೇಳಿ. ಡ್ರೈವರ್ ಯಾರು ಅಂತ ಹಿಂದಿನ ದಿನವೇ ಕೇಳಿ ಅವರ ಹತ್ತಿರ ಎರಡು ಮಾತಾಡಿ. ದಸರಾ ರಜೆಗೆ ಅತ್ತೆ ಮತ್ತೆ ಬರುತ್ತಾರಂತೆ, ಈ ಸಲ ಮಲ್ಪೆ ಮೊದಲು ಅಂತ ಮಕ್ಕಳು ಈಗಲೇ ಬರೆಸಿಕೊಂಡಿದ್ದಾರೆ. ಹುಡುಗನಿಗೆ ಫೋನ್ ಮಾಡಿದೆ. ಆ ಓನರ್ ಹತ್ತಿರ ಕೆಲಸ ಬಿಟ್ಟು ಹಾಸನದಲ್ಲಿ ಬೇರೆಯವರ ಗಾಡಿ ಓಡಿಸುತ್ತಿದ್ದಾನಂತೆ. ಗ್ಯಾರೇಜು ಹಾಸನದ್ದಾದರೆ ಬೆಂಗಳೂರಿಗೆ ಖಾಲಿ ಬರುವ ಕಿಲೋಮೀಟರಿನ ದುಡ್ಡೂ ನಮ್ಮದೇ. ಅಮ್ಮ ಲೆಕ್ಕ ಹಾಕುತ್ತಿದ್ದಾರೆ.