ಕೊಡಗಿನ ಮಳೆಗೆ ಯಾವ ಉಕುಲೇಲೆ ಕೇಸ್? ಗಿಗ್ ಬ್ಯಾಗ್, ಫೋಮ್ ಕೇಸ್, ಹಾರ್ಡ್ ಕೇಸ್ ಹೋಲಿಕೆ

ಗಿಟಾರಿನಂಥ ಪುಟ್ಟ ನಾಲ್ಕು ತಂತಿಯ ವಾದ್ಯವಾದ ಉಕುಲೇಲೆಗೆ ಕೇಸ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಬಿದ್ದರೆ ಒಡೆಯುತ್ತದಾ’ ಅಂತ. ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆಯವರು ಅದಕ್ಕಿಂತ ಮೊದಲು ‘ಒಳಗೆ ಬೂಷ್ಟು ಹಿಡಿಯುತ್ತದಾ’ ಅಂತ ಕೇಳಬೇಕು. ಇಲ್ಲಿ ಬಿದ್ದು ಹಾಳಾದ ವಾದ್ಯಗಳಿಗಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟು ಹಾಳಾದವೇ ಹೆಚ್ಚು. ಒಂದೇ ಕಾನ್ಸರ್ಟ್ ಅಳತೆಯ ಉಕುಲೇಲೆಯನ್ನು ನಾಲ್ಕು ಬಗೆಯ ಹೊದಿಕೆಗಳಲ್ಲಿ ಇಟ್ಟು ನೋಡಿ ಬರೆದ ಹೋಲಿಕೆ ಇದು. ಮಳೆಯ ಪರೀಕ್ಷೆಗೆ ಮಾತ್ರ ವಾದ್ಯ ಹೊರಗಿಟ್ಟು, ಒಳಗೆ ಒಣ ಪತ್ರಿಕೆ ಹಾಳೆ ತುಂಬಿ, ಸೂರಿನ ನೀರಿಗೆ ಒಡ್ಡಿದ್ದು. ಎಲ್ಲಿ ಸೋರಿತು ಅಂತ ಹಾಳೆಯೇ ಹೇಳುತ್ತದೆ.

ಮೊದಲು ಟೇಪು ಹಿಡಿಯಿರಿ. ಸೊಪ್ರಾನೊ ಸುಮಾರು 21 ಇಂಚು ಉದ್ದ, ಕಾನ್ಸರ್ಟ್ 23–24, ಟೆನರ್ 26, ಬ್ಯಾರಿಟೋನ್ 30. ಆದರೆ ಉದ್ದವೊಂದನ್ನೇ ನೋಡಿ ಆನ್‌ಲೈನ್‌ನಲ್ಲಿ ತರಿಸಿದರೆ ಕೆಡುತ್ತೀರಿ. ಕೆಳಹೊಟ್ಟೆಯ ಅಗಲ, ಒಡಲಿನ ದಪ್ಪ, ತಲೆಯ ಭಾಗದಲ್ಲಿ ಕಿವಿಗಳು (ತಂತಿ ಬಿಗಿಯುವ ತಿರುಗಣೆಗಳು) ಸೇರಿ ಆಗುವ ಅಗಲ, ಇವನ್ನೂ ಅಳೆಯಬೇಕು. ಬುಡದಲ್ಲಿ ಸ್ಟ್ರಾಪ್ ಬಟನ್ ಕೂರಿಸಿದ್ದರೆ ಉದ್ದಕ್ಕೆ ಒಂದೂವರೆ ಸೆಂಟಿಮೀಟರ್ ಸೇರಿಸಿ. ಆ ಗುಂಡಿ ಕೇಸಿನ ಗೋಡೆಗೆ ಒತ್ತಿಕೊಂಡರೆ ಪ್ರತಿ ಏಟೂ ನೇರ ಬುಡದ ಮರದ ತುಂಡಿಗೇ ಹೋಗುತ್ತದೆ. ಅನಾನಸ್ ಆಕಾರದ ಸೊಪ್ರಾನೊ ಇದ್ದವರು ನಡು ಸಣ್ಣಗಿರುವ, ಎಂಟರ ಆಕಾರದ ಕೇಸುಗಳನ್ನು ಬಿಟ್ಟುಬಿಡಿ, ಅದು ಕೂರುವುದೇ ಇಲ್ಲ. ಅವರಿಗೆ ಉದ್ದನೆಯ ಆಯತಾಕಾರದ್ದೇ ಸರಿ.

ವಾದ್ಯದ ಜೊತೆ ಬಿಟ್ಟಿಯಾಗಿ ಬರುವ ತೆಳು ನೈಲಾನ್ ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಧೂಳಿಗೆ ಸಾಕು, ಕೊಡಗಿಗೆ ಸಾಲದು.

ಪ್ಯಾಡ್ ಇರುವ ಗಿಗ್ ಬ್ಯಾಗ್ ಹೆಚ್ಚಿನವರ ಆಯ್ಕೆ. ಹಗುರ, ಅಗ್ಗ, ಬೆನ್ನಿಗೆ ಹಾಕಿಕೊಂಡು ಸ್ಕೂಟರ್‌ನಲ್ಲಿ ಹೋಗಬಹುದು. ಲೇಬಲ್ಲಿನ ಮೇಲೆ ಏನೇ ಬರೆದಿರಲಿ, ಹೆಬ್ಬೆರಳು–ತೋರುಬೆರಳ ನಡುವೆ ಚೀಲದ ಗೋಡೆಯನ್ನು ಹಿಡಿದು ಒತ್ತಿ ನೋಡಿ. ಬೆರಳಿಗೆ ಬೆರಳು ತಾಗಿದಂತಾದರೆ ಅದು ಐದು ಮಿಲಿಮೀಟರಿನ ಸ್ಪಂಜು, ಬೇಡ. ಕನಿಷ್ಠ 10, ಸಿಕ್ಕರೆ 15 ಮಿಲಿಮೀಟರ್ ಇರಲಿ. ಬುಡದಲ್ಲಿ ಇನ್ನೊಂದು ಪದರ ರಬ್ಬರ್ ಇದ್ದರೆ ಒಳ್ಳೆಯದು, ಏಕೆಂದರೆ ಚೀಲವನ್ನು ನೆಲಕ್ಕೆ ಕುಕ್ಕುವುದು ಬುಡದಿಂದಲೇ. ಇದರ ದೊಡ್ಡ ಕೊರತೆ ಮುಂದಿನ ಜೇಬು. ಟ್ಯೂನರ್, ಕೇಪೊದಂಥ ಗಟ್ಟಿ ಸಾಮಾನು ಹಾಕಿದರೆ ಅದು ಸರಿಯಾಗಿ ಬ್ರಿಜ್ಜಿನ (ಒಡಲಿನ ಮೇಲೆ ತಂತಿ ಕಟ್ಟುವ ಮರದ ಪಟ್ಟಿ) ಮೇಲೆ ಬಂದು ಕೂರುತ್ತದೆ. ಬಸ್ಸಿನಲ್ಲಿ ಯಾರಾದರೂ ಒರಗಿದರೆ ಮುಗಿಯಿತು. ಆ ಜೇಬಿಗೆ ಕಾಗದ ಬಿಟ್ಟು ಬೇರೇನೂ ಹಾಕಬೇಡಿ.

ಮಳೆಯಲ್ಲಿ ಈ ಚೀಲದ ಬಟ್ಟೆ ಸೋರಲಿಲ್ಲ. ಸೋರಿದ್ದು ಜಿಪ್ಪಿನ ಉದ್ದಕ್ಕೂ, ಹೆಗಲಪಟ್ಟಿ ಹೊಲಿದ ಸೂಜಿತೂತುಗಳಲ್ಲೂ. ಪತ್ರಿಕೆಯ ಮೇಲೆ ಜಿಪ್ಪಿನ ಗೆರೆಯೇ ಒದ್ದೆಯಾಗಿ ಮೂಡಿತ್ತು. 20–25 ಲೀಟರಿನ ಶಾಲಾಬ್ಯಾಗಿಗೆ ಸಿಗುವ ಮಳೆಗವಸು ಕಾನ್ಸರ್ಟ್ ಚೀಲಕ್ಕೆ ಚೆನ್ನಾಗಿ ಹೊಂದುತ್ತದೆ, ಅದನ್ನು ಹಾಕಿದ ಮೇಲೆ ಹಾಳೆ ಒಣಗಿಯೇ ಇತ್ತು. ಆದರೆ ಸ್ಪಂಜು ಒಮ್ಮೆ ನೀರು ಕುಡಿದರೆ ಕಕ್ಕಡದ (ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳು) ದಿನಗಳಲ್ಲಿ ಬೇಗ ಒಣಗುವ ಮಾತೇ ಇಲ್ಲ. ಹೊರಗೆ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಮನೆ ತಲುಪಿದ ಕೂಡಲೇ ವಾದ್ಯ ಹೊರತೆಗೆದು ಚೀಲವನ್ನು ಒಳಮೈ ಹೊರಗೆ ಮಾಡಿ ಫ್ಯಾನಿನ ಕೆಳಗೆ ತೂಗುಹಾಕುವ ಅಭ್ಯಾಸ ಇಲ್ಲದವರಿಗೆ ಗಿಗ್ ಬ್ಯಾಗ್ ಹೇಳಿಸಿದ್ದಲ್ಲ.

ಫೋಮ್ ಕೇಸ್ ನೋಡಲು ಚೀಲದಂತೆ, ಕೆಲಸ ಪೆಟ್ಟಿಗೆಯದು. ಗಟ್ಟಿ ಪಾಲಿಫೋಮ್ ಅಚ್ಚು, ಹೊರಗೆ ಪಾಲಿಯೆಸ್ಟರ್ ಬಟ್ಟೆ, ಒಳಗೆ ಮಖಮಲ್ಲಿನಂಥ ಪದರ, ಸುತ್ತ ಜಿಪ್ಪು. ತೂಕ ಒಂದು ಕಿಲೋ ಆಚೀಚೆ. ಇದರಲ್ಲಿ ನಮಗೆ ಹಿಡಿಸಿದ್ದು ಕುತ್ತಿಗೆಯ ತೊಟ್ಟಿಲು: ವಾದ್ಯ ಕುತ್ತಿಗೆಯಲ್ಲಿ ಮತ್ತು ಒಡಲಿನ ಸುತ್ತ ಆತುಕೊಂಡಿರುತ್ತದೆ, ತಲೆ ಮಾತ್ರ ಯಾವುದಕ್ಕೂ ತಾಗದೆ ತೇಲುತ್ತದೆ. ಕೇಸ್ ಮೇಲುಮುಖವಾಗಿ ಬಿದ್ದಾಗ ಕುತ್ತಿಗೆ ಮುರಿಯದಂತೆ ಕಾಯುವುದು ಈ ಸಂದೇ. ಕೇಸ್ ಮುಚ್ಚಿ, ನಿಮ್ಮ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ‘ಟಕ್’ ಎಂದರೆ ಕುತ್ತಿಗೆ ಒಡಲನ್ನು ಸೇರುವ ಜಾಗದ ಕೆಳಗೆ ಮಡಿಸಿದ ಹತ್ತಿಬಟ್ಟೆ ಇಡಿ, ಮುಚ್ಚಳ ಒತ್ತಿ ಹಾಕಬೇಕಾಗುವಷ್ಟು ಮಾತ್ರ ಬೇಡ. ಫೋಮು ತಾನಾಗಿ ನೀರು ಕುಡಿಯುವುದಿಲ್ಲ, ಹೊರಬಟ್ಟೆ ಮಾತ್ರ ನೆನೆಯುತ್ತದೆ. ಹಾಗಾಗಿ ಗಿಗ್ ಬ್ಯಾಗಿಗಿಂತ ಬೇಗ ಒಣಗುತ್ತದೆ. ಜಿಪ್ಪಿನ ಸೋರಿಕೆ ಇಲ್ಲೂ ಇದೆ, ಆದರೆ ಅಂಚಿನ ಫೋಮು ಒಂದಕ್ಕೊಂದು ಅಂಟಿ ಕೂರುವುದರಿಂದ ಒಳಗೆ ಬಂದದ್ದು ಒಂದೆರಡು ಹನಿ. ಇದರ ದೌರ್ಬಲ್ಯ ಮೂಲೆಗಳು: ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ. ಮೇಲೆ ಕೂತರಂತೂ ಉಳಿಗಾಲವಿಲ್ಲ.

ಇನ್ನು ಪ್ಲೈವುಡ್ ಹಾರ್ಡ್ ಕೇಸ್. ಎರಡು ಕಿಲೋಗೂ ಮೇಲೆ, ಅಂದರೆ ಒಳಗಿರುವ ಉಕುಲೇಲೆಯ ಮೂರ್ನಾಲ್ಕು ಪಟ್ಟು ತೂಕ. ಬಸ್ಸಿನ ಡಿಕ್ಕಿಯಲ್ಲಿ ಕಾಫಿ ಮೂಟೆಯ ಪಕ್ಕ ಹಾಕಲು ಧೈರ್ಯ ಬರುವುದು ಇದೊಂದಕ್ಕೇ. ಆದರೆ ಇದು ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ ಎಂಬುದು ತಪ್ಪು ನಂಬಿಕೆ. ಚಿಲಕ ಹಾಕಿ, ಅಂಚಿನ ಸಂದಿನಲ್ಲಿ ಒಂದು ತೆಳು ಕಾಗದ ತೂರಿಸಿ ನೋಡಿ, ಹೆಚ್ಚಿನವುಗಳಲ್ಲಿ ಸಲೀಸಾಗಿ ಹೋಗುತ್ತದೆ. ತೇವವೂ ಹಾಗೆಯೇ ಹೋಗುತ್ತದೆ, ಆದರೆ ಹೊರಬರುವುದು ನಿಧಾನ. ಮಖಮಲ್ಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆವರು ಹತ್ತಿದ ಫ್ರೆಟ್‌ಬೋರ್ಡನ್ನು (ಬೆರಳು ಒತ್ತುವ ಹಲಗೆ) ಒರೆಸದೆ ಮುಚ್ಚಿಟ್ಟರೆ ಮೊದಲು ಬಿಳಿ ಬೂಷ್ಟು ಕಾಣುವುದು ಅಲ್ಲೇ. ಚಿಲಕ, ಕೀಲುಗಳಿಗೆ ತುಕ್ಕು, ಹೊರಗಿನ ರೆಕ್ಸಿನ್ ಮೂಲೆಯಿಂದ ಏಳುವುದು, ಎದ್ದ ಕಡೆ ಪ್ಲೈ ಉಬ್ಬುವುದು, ಇವು ಇದೇ ಕ್ರಮದಲ್ಲಿ ಬರುತ್ತವೆ. ಎಬಿಎಸ್ ಪ್ಲಾಸ್ಟಿಕ್ ಅಚ್ಚಿನ, ಅಂಚಿಗೆ ರಬ್ಬರ್ ಗ್ಯಾಸ್ಕೆಟ್ ಇರುವ ಕೇಸ್ ನಿಜವಾಗಿ ಮುಚ್ಚಿಕೊಳ್ಳುತ್ತದೆ. ಬೆಲೆ ಎಷ್ಟೋ ವಾದ್ಯಗಳಿಗಿಂತ ಹೆಚ್ಚು.

ಅಂದರೆ ಚೀಲ ಬಿಟ್ಟು ಯಾವ ಕೇಸ್ ಆದರೂ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಲ್ಲದೆ ನಡೆಯದು. ಮರದ ವಾದ್ಯಕ್ಕೆ ಶೇ. 45ರಿಂದ 55ರ ತೇವಾಂಶ ಹಿತ. ಜುಲೈನಲ್ಲಿ ಮಡಿಕೇರಿಯ ಮನೆಯೊಳಗೇ 85ರ ಮೇಲೆ ಇರುತ್ತದೆ. ಮೇಲ್ಹಲಗೆ ಉಬ್ಬಿ ತಂತಿ ಎತ್ತರವಾಗುವುದು, ಬ್ರಿಜ್ ಹಿಂಬದಿಯಿಂದ ಏಳುವುದು ಆಗಲೇ. ಕಾನ್ಸರ್ಟ್ ಕೇಸಿಗೆ 50–100 ಗ್ರಾಂ ಸಿಲಿಕಾ ಸಾಕು. ತೆಳು ಹತ್ತಿಚೀಲದಲ್ಲಿ ಕಟ್ಟಿ ತಲೆಯ ಕೆಳಗಿನ ಖಾಲಿ ಜಾಗದಲ್ಲಿಡಿ, ಪಕ್ಕದಲ್ಲೊಂದು ಚಿಕ್ಕ ಹೈಗ್ರೋಮೀಟರ್ (ತೇವಾಂಶ ಮಾಪಕ). ಕಿತ್ತಳೆ ಬಣ್ಣದ ಹರಳು ಹಸಿರಾದರೆ ಅದು ತುಂಬಿತು ಎಂದರ್ಥ. ಒವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಗಿಗ್ ಬ್ಯಾಗಿನಲ್ಲಿ ಸಿಲಿಕಾ ಇಟ್ಟರೆ ಊರ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ, ಬೇಗನೆ ತುಂಬಿಹೋಗುತ್ತದೆ. ಫೋಮ್ ಕೇಸಿನಲ್ಲಿ ತಕ್ಕಮಟ್ಟಿಗೆ ಬಾಳುತ್ತದೆ. ಜನವರಿ–ಮಾರ್ಚ್ ಒಣ ಹವೆಯಲ್ಲಿ ಮಾತ್ರ ಸಿಲಿಕಾವನ್ನು ಹೊರತೆಗೆಯಿರಿ, ಇಲ್ಲದಿದ್ದರೆ ಸಾಲಿಡ್ (ಪದರಗಳಿಲ್ಲದ ಇಡೀ) ಮರ ಬಿರಿಯುತ್ತದೆ, ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತದೆ.

ಬಟ್ಟೆಯ ಬೀರುವಿನ ಅಭ್ಯಾಸದಲ್ಲಿ ನುಸಿಗುಳಿಗೆ ಹಾಕುವವರಿದ್ದಾರೆ. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್ ಫೋಮನ್ನು ಮೆತ್ತಗೆ ಮಾಡುತ್ತದೆ, ಫೋಮ್ ಕೇಸಿನೊಳಗೆ ಅದು ಬೇಡವೇ ಬೇಡ. ಜಿಪ್ಪು ಹಿಡಿದುಕೊಂಡರೆ ಎಣ್ಣೆ ಬದಲು ಮೇಣದಬತ್ತಿ ಉಜ್ಜಿ.

ಅಂದದ ಮಾತಿಗೆ ಬಂದರೆ, ಮದುವೆ ಮನೆಯಲ್ಲಿ ನುಡಿಸುವವರು ಕೆಂಪು ಚೇಲೆ (ಕೊಡವರ ನಡುಪಟ್ಟಿ) ಬಟ್ಟೆಯ ಪಟ್ಟಿ ಹೊಲಿಸಿಕೊಳ್ಳಲು ಬಯಸುತ್ತಾರೆ, ಕಪ್ಪು ಕೇಸಿನ ಮೇಲೆ ಅದು ನಿಜಕ್ಕೂ ಒಪ್ಪುತ್ತದೆ. ಆದರೆ ಕೇಸಿನ ಬಟ್ಟೆಗೇ ಸೂಜಿ ಹಾಕಿಸಬೇಡಿ, ಪ್ರತಿ ಹೊಲಿಗೆಯೂ ನೀರಿಗೆ ದಾರಿ. ಹೆಗಲಪಟ್ಟಿಗೋ ಜೇಬಿನ ಮುಚ್ಚಳಕ್ಕೋ ಹೊಲಿಸಿ. ದಾಸವಾಳ ಅಚ್ಚಿನ ಹೊಳೆಯುವ ಪಿವಿಸಿ ಕೇಸುಗಳು ಫೋಟೊದಲ್ಲಿ ಚೆಂದ, ಒಂದು ಮಳೆಗಾಲ ಕಳೆದ ಮೇಲೆ ಮುಟ್ಟಿದರೆ ಅಂಟಂಟು. ಹೊರಗೆ ತಿಳಿಬಣ್ಣ ಕೆಮ್ಮಣ್ಣಿಗೆ ಬಲಿ. ಒಳಗಿನ ಬಟ್ಟೆ ಮಾತ್ರ ಗಾಢ ಬಣ್ಣದ್ದಿರಲಿ: ಬೂಷ್ಟು ಶುರುವಾದರೆ ಕೂಡಲೇ ಕಾಣುತ್ತದೆ, ಕೆನೆಬಣ್ಣದಲ್ಲಿ ಅಡಗಿಕೊಳ್ಳುತ್ತದೆ.

ಕೊಡಗಿನಲ್ಲಿ ರೈಲು ಇಲ್ಲವಾದ್ದರಿಂದ ಎಲ್ಲ ಪ್ರಯಾಣವೂ ರಸ್ತೆಯಿಂದಲೇ ಶುರು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೇಲಿನ ರ‍್ಯಾಕಿನಲ್ಲಿಟ್ಟ ಕೇಸ್ ಜಾರುತ್ತದೆ, ಫೋಮ್ ಕೇಸ್ ಆದರೆ ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಕಣ್ಣೂರಿನಿಂದ ವಿಮಾನ ಹತ್ತುವವರು ಮೊದಲೇ ಕೇಳಿಕೊಳ್ಳಿ: ಕ್ಯಾಬಿನ್ ಸಾಮಾನಿನ ಮಿತಿ ಸಾಮಾನ್ಯವಾಗಿ 55 ಸೆಂಟಿಮೀಟರ್, ಕಾನ್ಸರ್ಟ್ ಕೇಸ್ ಅದನ್ನು ಮೀರುತ್ತದೆ.

ನಮ್ಮ ತೀರ್ಪು ಹೀಗಿದೆ. ಲ್ಯಾಮಿನೇಟ್ (ತೆಳು ಪದರಗಳನ್ನು ಅಂಟಿಸಿದ ಮರದ) ಉಕುಲೇಲೆ, ಕುಶಾಲನಗರದಂಥ ಮಳೆ ಕಡಿಮೆಯ ಊರು: 15 ಮಿಲಿಮೀಟರಿನ ಗಿಗ್ ಬ್ಯಾಗ್, ಮೇಲೆ ಮಳೆಗವಸು. ಪಶ್ಚಿಮದ ಊರುಗಳಲ್ಲಿ ವಾದ್ಯ ಯಾವುದೇ ಇರಲಿ, ಫೋಮ್ ಕೇಸ್ ಮತ್ತು ಸಿಲಿಕಾ. ಸಾಲಿಡ್ ಮಹಾಗನಿ, ಅಕೇಶಿಯಾ, ಕೋವಾ ಮರದ ವಾದ್ಯ ಇದ್ದವರು ಮನೆಯಲ್ಲಿಡಲು ಗ್ಯಾಸ್ಕೆಟ್ ಇರುವ ಎಬಿಎಸ್ ಕೇಸಿಗೆ ದುಡ್ಡು ಹಾಕಲಿ. ಪ್ಲೈವುಡ್ ಪೆಟ್ಟಿಗೆಯನ್ನು ಇಲ್ಲಿ ಯಾರಿಗೂ ಹೇಳುವುದಿಲ್ಲ. ಈಗಾಗಲೇ ಇದ್ದರೆ ಗೋಡೆಗೆ ಒರಗಿಸದೆ, ನೆಲದಿಂದ ಎತ್ತರಿಸಿ ಇಡಿ, ವಾರಕ್ಕೊಮ್ಮೆ ತೆರೆದು ವಾದ್ಯ ಹೊರಗಿಟ್ಟು, ಒಳಗಿನ ಮಖಮಲ್ಲಿಗೆ ಅರ್ಧ ಗಂಟೆ ಫ್ಯಾನ್ ಗಾಳಿ ಹಾಯಿಸಿ.